ಒಂಟಿಯಾಗಿರುವವರು: ಸೊನ್ನೆ

ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಪರದೆಯ ಮೇಲೆ ಇದ್ದದ್ದು ಇಷ್ಟು. ಒಟ್ಟು ವರದಿ ೪೧೮. ಎರರ್ ಸೊನ್ನೆ. ಹಸಿರು ಹಾಳೆ ೪೧೮. ಕೆಂಪು ಹಾಳೆ ಸೊನ್ನೆ.

ಸಾಹೇಬರು ನನ್ನ ಕುರ್ಚಿಯ ಹಿಂದೆ ಟೀ ಲೋಟ ಹಿಡಿದು ನಿಂತಿದ್ದರು.

"ಎರರ್ ಸೊನ್ನೆ! ಈ ಆಫೀಸಲ್ಲಿ ಹನ್ನೆರಡು ವರ್ಷದಿಂದ ಈ ಮಾತು ಕೇಳಿರ್ಲಿಲ್ಲ ಕಣಮ್ಮ. ಕೆಂಪು ಒಂದೂ ಇಲ್ವಾ?"

"ಇಲ್ಲ ಸರ್."

"ಒಳ್ಳೆ ಜನ ನಮ್ಮವರು. ಒಬ್ರನ್ನೂ ಒಂಟಿ ಬಿಟ್ಟಿಲ್ಲ ನೋಡು."

ಅವರು ಫೋನ್ ತೆಗೆದು, ಅಂಗಳದಲ್ಲಿ ಎಂಟು ಗಂಟೆಯಿಂದ ಕಾಯುತ್ತಿದ್ದ ಮೂರು ವ್ಯಾನ್‌ಗಳನ್ನು ಆಸ್ಪತ್ರೆಯ ಉಗ್ರಾಣದ ಕೆಲಸಕ್ಕೆ ಕಳಿಸಿಬಿಟ್ಟರು. ವ್ಯಾನ್‌ಗಳು ಒಂದರ ಹಿಂದೆ ಒಂದು ಗೇಟು ದಾಟುವುದನ್ನು ನಾನು ಕಿಟಕಿಯಿಂದ ನೋಡಿದೆ. ಆ ಸೊನ್ನೆಯನ್ನು ನಂಬದಿದ್ದರೂ ತಡೆಯಲಿಲ್ಲ.

ಮಧ್ಯಾಹ್ನ ಒಂದು ಗಂಟೆಗೆ ನಗರದ ಪೂರ್ವ ಭಾಗದ ಕರೆಂಟ್ ತೆಗೆಯುವವರಿದ್ದರು. ನೆಲದಡಿಯ ದೊಡ್ಡ ಕೇಬಲ್ ಬದಲಿಸಬೇಕು, ಮೂವತ್ತು ಗಂಟೆಯ ಕೆಲಸ. ಆ ಭಾಗದಲ್ಲಿ ಮನೆಯಲ್ಲೇ ಆಕ್ಸಿಜನ್ ಮೆಷೀನ್ ಇಟ್ಟುಕೊಂಡು ಉಸಿರಾಡುವವರು ನಾನೂರ ಹದಿನೆಂಟು ಮಂದಿ. ನಮ್ಮ ಸರ್ವೆಯವರು ಐದು ತಿಂಗಳು ಮನೆ ಮನೆ ಅಲೆದು, ಟ್ಯಾಬ್‌ನಲ್ಲಿ ಫಾರ್ಮ್ ತುಂಬಿ ಮಾಡಿದ ಪಟ್ಟಿ ಅದು. ಒಂದು ಮನೆಗೆ ಒಂದು ವರದಿ ಹಾಳೆ. ಜೊತೆಗೆ ಯಾರಾದರೂ ಇದ್ದರೆ ಹಾಳೆಯ ತಲೆಯ ಮೇಲೆ ಹಸಿರು ಪಟ್ಟಿ. ಅಂಥವರಿಗೆ ಫೋನ್ ಮಾಡಿ ಹೇಳಿದರೆ ಸಾಕು, ಮನೆಯವರೇ ನಮ್ಮ ಡಿಪೋಗೆ ಬಂದು ಸಿಲಿಂಡರ್ ಒಯ್ಯುತ್ತಾರೆ. ಒಂಟಿಯಾಗಿದ್ದರೆ ಕೆಂಪು ಪಟ್ಟಿ. ಕರೆಂಟ್ ಹೋಗುವ ಮೊದಲು ವ್ಯಾನ್ ಅವರ ಬಾಗಿಲಿಗೆ ಹೋಗಬೇಕು.

ಆ ಹಾಳೆಯ ಟೆಂಪ್ಲೇಟ್ ಮಾಡಿದವಳು ನಾನು.

ಟೆಂಪ್ಲೇಟ್ ಎಂದರೆ ಬಿಟ್ಟ ಸ್ಥಳಗಳಿರುವ ಒಂದು ಪತ್ರ. ಇಲ್ಲಿ ಹೆಸರು ಹಾಕು, ಇಲ್ಲಿ ವಿಳಾಸ ಹಾಕು, ಇದು ಹೀಗಿದ್ದರೆ ಹಸಿರು, ಹಾಗಿದ್ದರೆ ಕೆಂಪು. ಫಾರ್ಮಿನಲ್ಲಿ ತುಂಬಿದ್ದು ಆ ಜಾಗಗಳಿಗೆ ತಾನಾಗಿ ಬಂದು ಕೂರುತ್ತದೆ. ಕೇಳಿದ್ದು ಸಿಗದಿದ್ದರೆ ಅಲ್ಲೇ ನಿಲ್ಲುತ್ತದೆ.

ನಾನೂರ ಹದಿನೆಂಟು ಕಾಯಿಲೆಯವರು, ಬಹಳಷ್ಟು ಮಂದಿ ಎಪ್ಪತ್ತು ದಾಟಿದವರು. ಒಬ್ಬರೂ ಒಂಟಿಯಲ್ಲ. ನಾವಿರುವ ಕಟ್ಟಡದ ಹನ್ನೆರಡು ಮನೆಗಳಲ್ಲೇ ಒಂಟಿಯಾಗಿರುವವರು ಇಬ್ಬರಿದ್ದಾರೆ.

ಸಾಹೇಬರು ತಮ್ಮ ಕೋಣೆಗೆ ಹೋದ ಮೇಲೆ ಒಂದು ಸುಳ್ಳು ಫಾರ್ಮ್ ತುಂಬಿದೆ. ಒಬ್ಬ ರೋಗಿ, ಎಪ್ಪತ್ತು ವರ್ಷ, ಮನೆಯಲ್ಲಿ ಬೇರೆ ಯಾರೂ ಇಲ್ಲ. ವರದಿಯ ಗುಂಡಿ ಒತ್ತಿದೆ.

"ಸಾಲು ೧೪: ಕೇಳಿದ ಮಾಹಿತಿ ಸಿಗಲಿಲ್ಲ. ವರದಿ ತಯಾರಾಗಿಲ್ಲ."

ಮತ್ತೆ ಒತ್ತಿದೆ. ಮತ್ತೆ ಅದೇ.

ಹದಿನಾಲ್ಕನೆಯ ಸಾಲು ಕೇಳುತ್ತಿದ್ದದ್ದು, ಮನೆಯಲ್ಲಿರುವ ಮೊದಲನೆಯವರ ಹೆಸರು ಮತ್ತು ಫೋನ್ ನಂಬರು. ಯಾರೂ ಇಲ್ಲದಿದ್ದರೆ ಕೆಂಪು ಎಂದು ಹೇಳುವುದು ಹದಿನೈದನೆಯ ಸಾಲು. ಯಾರೂ ಇಲ್ಲದ ಮನೆ ಹದಿನೈದಕ್ಕೆ ತಲುಪುವುದೇ ಇಲ್ಲ. ಹದಿನಾಲ್ಕರಲ್ಲೇ ಬಿದ್ದು ಹೋಗುತ್ತದೆ.

ಆ ಸಾಲು ಬರೆದಾಗ ನಮ್ಮ ಮನೆಯಲ್ಲಿ ಮೂವರಿದ್ದೆವು. ನಮ್ಮವರು, ಅತ್ತೆ, ನಾನು. ಮೂರು ಜನರ ಮನೆ, ಐದು ಜನರ ಮನೆ, ಹನ್ನೊಂದು ಜನರ ಮನೆ, ಎಲ್ಲವನ್ನೂ ಹಾಕಿ ಪರೀಕ್ಷಿಸಿದ್ದೆ. ಯಾರೂ ಇಲ್ಲದ ಮನೆಯನ್ನು ಹಾಕಿ ನೋಡಲಿಲ್ಲ. ಹೊಳೆಯಲೇ ಇಲ್ಲ.

ಸರಿಪಡಿಸಲು ಐದು ನಿಮಿಷ ಸಾಕಾಯಿತು. ಹದಿನೈದನ್ನು ಮೇಲಕ್ಕೆ ತಂದೆ, ಯಾರಾದರೂ ಇದ್ದರೆ ಮಾತ್ರ ಹೆಸರು ಕೇಳುವಂತೆ ಹದಿನಾಲ್ಕನ್ನು ಅದರ ಒಳಗೆ ಹಾಕಿದೆ. ಸುಳ್ಳು ರೋಗಿಗೆ ಕೆಂಪು ಹಾಳೆ ಬಂತು. ಆದರೆ ಸಮಾಧಾನ ಬರಲಿಲ್ಲ. ಒಂಟಿಯಾಗಿರುವವರ ವರದಿ ಬರುವುದೇ ಸಾಧ್ಯವಿರಲಿಲ್ಲ ಎಂದಾದರೆ, ನಾನೂರ ಹದಿನೆಂಟೂ ಬಂದದ್ದು ಹೇಗೆ? ಆ ಒಂಟಿಗಳೆಲ್ಲ ಎಲ್ಲಿ ಹೋದರು?

ಜೊತೆಗಿರುವವರ ಹೆಸರಿನ ಕಾಲಂ ತೆರೆದು ಕೆಳಗೆ ಸರಿಸುತ್ತಾ ಹೋದೆ. ಮಗ. ಸೊಸೆ. ತಮ್ಮ. ಮಗಳು. ಎಪ್ಪತ್ತನೆಯದರಲ್ಲೋ ಎಂಬತ್ತನೆಯದರಲ್ಲೋ ಕೈ ನಿಂತಿತು. ಹೆಸರು: ಯಾರೂ ಇಲ್ಲ. ವಯಸ್ಸು: ೧. ಇನ್ನೂ ಕೆಳಗೆ, ಹೆಸರು: ಅಅಅ. ಹೆಸರು: ಗೋಡೆ. ಹೆಸರು: ಬೆಕ್ಕು, ಸಂಬಂಧ: ಇತರೆ, ವಯಸ್ಸು: ೪.

ಎದ್ದು ಹೊರಗೆ ಹೋದೆ. ಮೆಟ್ಟಿಲ ಹತ್ತಿರ ಸರ್ವೆಯವರ ಹಿರಿಯಳು ಹೆಲ್ಮೆಟ್ ತೆಗೆಯುತ್ತಾ ಯಾರಿಗೋ ಏನೋ ಹೇಳುತ್ತಿದ್ದಳು. ಮಾತು ನಿಲ್ಲದ ಅವಳನ್ನು ಆಫೀಸಿನಲ್ಲಿ ಎಲ್ಲರೂ ರೇಡಿಯೋ ಎನ್ನುತ್ತಾರೆ. ಎದುರಿಗೇ ಕರೆಯುತ್ತಾರೆ, ಅವಳು ಬೇಜಾರು ಮಾಡಿಕೊಳ್ಳುವುದಿಲ್ಲ. ನಾನು ಮಾತ್ರ ಅಕ್ಕ ಎನ್ನುತ್ತೇನೆ.

"ಅಕ್ಕಾ, ಒಬ್ಬ ರೋಗಿ ಮನೇಲಿ ಬೆಕ್ಕಿದೆ ಅಂತ ಯಾರು ಬರ್ದಿದ್ದು?"

"ಅಯ್ಯೋ ಅದು ನಾನಲ್ಲ ಮೇಡಂ. ಅದು ಆ ಕನ್ನಡಕದವಳು. ನಾನು ನನ್ನ ಹೆಸರೇ ಹಾಕೋದು. ಹನ್ನೊಂದು ಮನೆಗೆ ನಾನೇ ಮಗಳು. ಆಸ್ತಿ ಭಾಗ ಮಾಡುವಾಗ ಕರೀತಾರೋ ಇಲ್ವೋ."

"ಯಾಕೆ ಹಾಗೆ ಮಾಡಿದ್ರಿ?"

ಅವಳು ನನ್ನನ್ನೇ ನೋಡಿದಳು. ಹೆಲ್ಮೆಟ್ ಕೈಯಲ್ಲೇ ಉಳಿಯಿತು.

"ನೀವೇ ಹೇಳಿದ್ದಲ್ವಾ ಮೇಡಂ?"

"ನಾನಾ?"

"ಮೊದಮೊದಲು ಒಂಟಿ ಇರೋರ ಮನೇಲಿ ವರದಿನೇ ಬರ್ತಿರ್ಲಿಲ್ಲ. ವರದಿ ತೋರಿಸಿ ಸಹಿ ಹಾಕಿಸ್ಕೊಳ್ದೆ ಇದ್ರೆ ಆ ಮನೆ ನಮ್ಮ ಲೆಕ್ಕಕ್ಕೇ ಇಲ್ಲ. ಬಿಸಿಲಲ್ಲಿ ನಾಲ್ಕು ಮಹಡಿ ಹತ್ತಿ ಇಳಿದು ಸೊನ್ನೆ. ನಿಮಗೆ ಫೋನ್ ಮಾಡಿದ್ದೆ. 'ಒಂದು ಹೆಸರು ಏನಾದ್ರೂ ತುಂಬಿ, ಬರುತ್ತೆ' ಅಂದ್ರಿ. ತುಂಬಿದೆ, ಬಂತು. ನಾನು ಎಲ್ರಿಗೂ ಹೇಳ್ದೆ."

"ಯಾವಾಗ?"

ಅವಳು ದನಿ ಇಳಿಸಿದಳು. "ನೀವು ವಾಪಸ್ ಕೆಲಸಕ್ಕೆ ಬಂದಿದ್ರಲ್ಲ, ಆ ವಾರ."

ನಾನು ಕೆಲಸಕ್ಕೆ ಮರಳಿದ್ದು ನಮ್ಮವರು ತೀರಿಹೋದ ಹದಿನೇಳನೆಯ ದಿನ. ಆ ವಾರ ಯಾರು ಏನು ಕೇಳಿದರು, ನಾನು ಏನು ಹೇಳಿದೆ, ಒಂದೂ ನೆನಪಿಲ್ಲ. ಫೋನ್ ಬಂದರೆ ತೆಗೆಯುತ್ತಿದ್ದೆ, ಏನೋ ಉತ್ತರ ಕೊಡುತ್ತಿದ್ದೆ, ಇಡುತ್ತಿದ್ದೆ. ಎಲ್ಲರೂ ಎಷ್ಟು ಗಟ್ಟಿ ಹೆಣ್ಣು ಎಂದರು.

"ಇನ್ನೊಂದು ವಿಷಯ ಮೇಡಂ," ಎಂದಳು ರೇಡಿಯೋ. "ಎಲ್ಲ ಸಲ ಬೆಕ್ಕು, ಗೋಡೆ ಅಂತ ಬರ್ದಿಲ್ಲ. ಕೆಲವು ಕಡೆ ಅವ್ರನ್ನೇ ಕೇಳ್ತಿದ್ವಿ, ಯಾರ ಹೆಸರಾದ್ರೂ ಒಂದು ಹೇಳಿ ಅಂತ. ತೀರಿಹೋದ ಗಂಡನದ್ದೋ ಹೆಂಡ್ತಿದೋ ಹೇಳೋರು. ನಾವು ಬರ್ಕೊಂಡ್ವಿ."

ಹತ್ತೂವರೆಗೆ ಸಾಹೇಬರ ಮುಂದೆ ನಿಂತೆ. ಹೇಳುವುದೆಲ್ಲ ನಾಲ್ಕು ವಾಕ್ಯದಲ್ಲಿ ಮುಗಿಯಿತು. ಅವರ ಮುಖದ ಬಣ್ಣ ಬದಲಾಗಿದ್ದು ಮೂರನೆಯ ವಾಕ್ಯಕ್ಕೆ.

"ಎರರ್ ಇಲ್ಲ ಅಂತ ಇದೇ ಬಾಯಲ್ಲಿ ಹೇಳಿದೆಯಲ್ಲಮ್ಮ!"

"ಎರರ್ ತೋರಿಸ್ತಿರ್ಲಿಲ್ಲ ಸರ್. ಇತ್ತು."

"ಎಷ್ಟು ಮನೆ?"

"ಗೊತ್ತಿಲ್ಲ."

ಅವರು ಹಣೆ ಉಜ್ಜಿಕೊಂಡರು. ಆಮೇಲೆ ದನಿ ಮೆತ್ತಗಾಯಿತು. "ನಿನ್ನ ಪರಿಸ್ಥಿತಿ ನಂಗೆ ಅರ್ಥ ಆಗುತ್ತೆ, ಆ ಹೊತ್ತಲ್ಲಿ ಯಾರಿಗಾದ್ರೂ..."

"ಪರಿಸ್ಥಿತಿ ಅಲ್ಲ ಸರ್. ಸಾಲು ಹದಿನಾಲ್ಕು. ವ್ಯಾನ್ ವಾಪಸ್ ಕರೆಸಿ."

ಅವರು ಕರೆಸಿದರು. ಅಷ್ಟರಲ್ಲಿ ಎರಡು ವ್ಯಾನ್‌ಗಳಿಗೆ ಆಸ್ಪತ್ರೆಯವರು ಮಂಚ, ಕಪಾಟು ಹೇರಿಬಿಟ್ಟಿದ್ದರು. ಇಳಿಸಿ ಬರುವುದಕ್ಕೆ ಮುಕ್ಕಾಲು ಗಂಟೆ ಎಂದರು. ಸಾಹೇಬರು ಫೋನಿನಲ್ಲಿ ಕೂಗಾಡುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. "ಕಪಾಟು ರಸ್ತೆ ಮೇಲೆ ಇಳಿಸ್ರಯ್ಯಾ! ಕಪಾಟಿಗೆ ಉಸಿರು ಕಟ್ಟಲ್ಲ!"

ನನಗೆ ಬೇಕಾಗಿದ್ದದ್ದು ಸುಳ್ಳು ಹೆಸರುಗಳನ್ನು ಹಿಡಿಯುವ ದಾರಿ. ವಿಚಿತ್ರ ಹೆಸರುಗಳು ಸುಲಭವಾಗಿ ಸಿಕ್ಕಿದವು. ರೇಡಿಯೋಳ ಹನ್ನೊಂದೂ ಸೇರಿ ಇಪ್ಪತ್ತೊಂಬತ್ತು. ಆದರೆ ಸತ್ತವರ ಹೆಸರು ಬದುಕಿರುವವರ ಹೆಸರಿನ ಹಾಗೆಯೇ ಇರುತ್ತದೆ.

"ಫೋನ್ ನಂಬರು ಏನು ಹಾಕ್ತಿದ್ರಿ?" ಎಂದು ಕೇಳಿದೆ. "ಜೊತೆಯವರ ನಂಬರು ಹಾಕದೆ ಫಾರ್ಮ್ ಮುಂದೆ ಹೋಗಲ್ವಲ್ಲ."

"ಬೆಕ್ಕಿಗೆಲ್ಲಿ ಫೋನು? ರೋಗೀದೇ ಇನ್ನೊಂದು ಸಲ ಹಾಕೋದು."

ಎರಡೂ ನಂಬರು ಒಂದೇ ಇರುವವರನ್ನು ಸೋಸಿದೆ. ಐವತ್ತೇಳು. ಅದರಲ್ಲಿ ಇಪ್ಪತ್ತೊಂಬತ್ತು ಆಗಲೇ ಸಿಕ್ಕಿದವರು, ಸುಳ್ಳು ಹೆಸರುಗಳನ್ನು ಅಳಿಸಿ ಅವರ ಕೆಂಪು ಹಾಳೆಗಳನ್ನು ತೆಗೆದು ಡ್ರೈವರ್‌ಗಳಿಗೆ ಕಳಿಸಿದೆ. ಉಳಿದ ಇಪ್ಪತ್ತೆಂಟು ಮನೆಗಳಲ್ಲಿ ಗಂಡ ಹೆಂಡತಿ ಒಂದೇ ಫೋನ್ ಇಟ್ಟುಕೊಂಡವರೂ ಇರಬಹುದು, ಒಬ್ಬರೇ ಉಳಿದವರೂ ಇರಬಹುದು. ಕೇಳದೆ ಗೊತ್ತಾಗುವುದಿಲ್ಲ. ರೇಡಿಯೋ ಹದಿನಾಲ್ಕು, ನಾನು ಹದಿನಾಲ್ಕು ಹಂಚಿಕೊಂಡೆವು. ಗಡಿಯಾರ ಹನ್ನೊಂದೂ ಕಾಲು ತೋರಿಸುತ್ತಿತ್ತು.

ಅಂಥ ಪ್ರಶ್ನೆಯನ್ನು ಫೋನಿನಲ್ಲಿ ಕೇಳುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಮೊದಲನೆಯವರು ಒಬ್ಬ ಮುದುಕರು.

"ನಿಮ್ಮ ಮನೆಯವರ ಹತ್ರ ಸ್ವಲ್ಪ ಮಾತಾಡಬಹುದಾ?" ಎಂದೆ.

"ಅವಳ ಹತ್ರಾನಾ? ಅವಳು ಹೋಗಿ ಆರು ವರ್ಷ ಆಯ್ತಲ್ಲಮ್ಮ. ಏನಾದ್ರೂ ಹೇಳ್ಬೇಕಿತ್ತಾ?"

"ಇಲ್ಲ. ನಿಮಗೇ ಹೇಳ್ಬೇಕಿತ್ತು."

ಇನ್ನೊಂದು ಕಡೆ ಗಂಡನೇ ಫೋನ್ ತೆಗೆದು, ನಾನು ಬದುಕಿದ್ದೀನೋ ಇಲ್ವೋ ಅಂತ ಕೇಳೋಕೆ ನೀನು ಯಾರಮ್ಮ ಎಂದು ಬೈದ. ಆ ಬೈಗುಳ ಹಿತವಾಗಿತ್ತು. ಹಸಿರು ಎಂದು ಗುರುತು ಹಾಕಿದೆ.

ಹನ್ನೆರಡೂಕಾಲರ ಹೊತ್ತಿಗೆ ಇಪ್ಪತ್ತೇಳು ಮನೆ ಮುಗಿದವು. ಹದಿನಾಲ್ಕು ಹಸಿರು, ಹದಿಮೂರು ಕೆಂಪು. ಒಂದು ಮಾತ್ರ ಉಳಿಯಿತು. ಹೆಂಗಸು, ಎಪ್ಪತ್ತೊಂದು ವರ್ಷ, ದಿನಕ್ಕೆ ಹದಿನೆಂಟು ಗಂಟೆ ಮೆಷೀನ್ ಬೇಕು. ಜೊತೆಗಿರುವವರು: ಗಂಡ, ಎಪ್ಪತ್ತೆಂಟು. ಎರಡಕ್ಕೂ ಒಂದೇ ನಂಬರು. ಸ್ವಿಚ್ ಆಫ್.

"ಈ ಮನೆ ಸರ್ವೆ ನಿಮ್ಮದೇ ಅಕ್ಕ. ಅಜ್ಜ ಇದ್ರಾ?"

ರೇಡಿಯೋ ಕಣ್ಣು ಮುಚ್ಚಿಕೊಂಡು ನೆನಪಿಸಿಕೊಂಡಳು. "ಮೂರನೇ ಮಹಡಿ. ಲಿಫ್ಟ್ ಇತ್ತು, ಪುಣ್ಯಕ್ಕೆ. ಅಜ್ಜನ್ನ ನೋಡಿದ ನೆನಪಿಲ್ಲ. ಬಾಗಿಲಲ್ಲಿ ಗಂಡಸರ ಚಪ್ಪಲಿ ಇತ್ತು."

"ಚಪ್ಪಲಿ ಇದ್ರೆ ಏನಾಯ್ತು?"

ನಾನು ಅದನ್ನು ಸ್ವಲ್ಪ ಗಟ್ಟಿಯಾಗಿ ಹೇಳಿದೆ ಎನಿಸುತ್ತದೆ.

ಸಾಹೇಬರು ಒಪ್ಪಲಿಲ್ಲ. ನಲವತ್ತೆರಡು ಕೆಂಪು ಮನೆ, ಮೂರು ವ್ಯಾನ್, ಮುಕ್ಕಾಲು ಗಂಟೆ. "ಗಂಡ ಇದ್ದಾನೆ ಅಂತ ಬರ್ದಿದೆ. ಫೋನ್ ಆಫ್ ಆಗಿದ್ರೆ ಒಂಟಿ ಅಂತ ಅರ್ಥಾನಾ? ನನ್ನ ಫೋನೂ ಎಷ್ಟೋ ಸಲ ಆಫ್ ಆಗಿರುತ್ತೆ. ಖಚಿತ ಇಲ್ದೆ ವ್ಯಾನ್ ತಿರುಗಿಸೋಕೆ ಆಗಲ್ಲ."

"ಖಚಿತ ಮಾಡ್ಕೊಂಡು ಬರ್ತೀನಿ."

"ಹೇಗೆ ಹೋಗ್ತೀಯಾ?"

"ನನ್ನ ಸ್ಕೂಟರ್ ಇದೆ ಸರ್," ಎಂದಳು ರೇಡಿಯೋ. ಆಗಲೇ ಹೆಲ್ಮೆಟ್ ಹಾಕಿಕೊಂಡಿದ್ದಳು.

ದಾರಿಯಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಸಿಗ್ನಲ್‌ಗಳಲ್ಲಿ ನಿಂತಾಗ ನಾನು ಅವಳ ಕೈಗಡಿಯಾರ ನೋಡುತ್ತಿದ್ದೆ. ಒಂದು ರಸ್ತೆಯನ್ನು ಅಗೆದಿದ್ದರು, ಕಿತ್ತಳೆ ಬಣ್ಣದ ಬೇಲಿ, ಒಳಗೆ ತೊಡೆಯಷ್ಟು ದಪ್ಪದ ಕೇಬಲ್ ಸುರುಳಿ. ಸುತ್ತು ಹಾಕಿ ಹೋಗಬೇಕಾಯಿತು. ಕಟ್ಟಡದ ಮುಂದೆ ಇಳಿದಾಗ ಒಂದಕ್ಕೆ ಎಂಟು ನಿಮಿಷ ಬಾಕಿ.

ಮೂರನೆಯ ಮಹಡಿಯ ಬಾಗಿಲಲ್ಲಿ ಚಪ್ಪಲಿ ಇತ್ತು. ಧೂಳು ಇರಲಿಲ್ಲ. ಬೆಲ್ ಒತ್ತಿದೆ. ಒಳಗಿನಿಂದ ಮೆಷೀನಿನ ಗುಡುಗುಡು ಕೇಳುತ್ತಿತ್ತು. ಎರಡನೆಯ ಸಲ ಒತ್ತಿದ ಮೇಲೆ ಧ್ವನಿ ಬಂತು.

"ತಳ್ಳಿ. ಪೈಪು ಅಲ್ಲೀವರೆಗೆ ಬರಲ್ಲ."

ಕೋಣೆಯ ನಡುವೆ ಬೆತ್ತದ ಕುರ್ಚಿಯಲ್ಲಿ ಅಜ್ಜಿ ಕೂತಿದ್ದರು. ಮೂಗಿನಿಂದ ಸಣ್ಣ ಪೈಪು ಹೊರಟು ನೆಲದ ಮೇಲೆ ಸುತ್ತಿ ಮೆಷೀನಿಗೆ ಹೋಗಿತ್ತು. ಬೂದಿ ಬಣ್ಣದ ಸ್ವೆಟರ್, ಬಾಚಿದ ತಲೆ.

ರೇಡಿಯೋ ಪರಿಚಯ ಹೇಳಿದಳು. ಕರೆಂಟಿನ ವಿಷಯ ಹೇಳಿದಳು. ಅಜ್ಜಿಗೆ ಅದೇನೂ ಗೊತ್ತಿರಲಿಲ್ಲ.

"ಫೋನ್ ಯಾಕಜ್ಜಿ ಆಫ್ ಆಗಿದೆ?"

"ಅದು ಅವರ ಫೋನು. ಕೆಟ್ಟಿದೆ. ರಿಪೇರಿಗೆ ಕೊಟ್ಟಿದೀವಿ."

"ಅಜ್ಜ ಎಲ್ಲಿ?"

"ಔಷಧಿ ತರೋಕೆ ಹೋಗಿದಾರೆ. ಇನ್ನೇನು ಬಂದುಬಿಡ್ತಾರೆ."

ರೇಡಿಯೋಳ ಹೆಗಲು ಸಡಿಲವಾಯಿತು. "ಅಬ್ಬಾ! ನೋಡಿ ಮೇಡಂ, ಇದಾರೆ. ಸುಮ್ನೆ ಜೀವ ಬಾಯಿಗೆ ಬಂದಿತ್ತು. ಅಜ್ಜಿ, ಅವ್ರು ಬಂದ ತಕ್ಷಣ ನಮ್ಮ ಡಿಪೋಗೆ ಕಳ್ಸಿ, ಸಿಲಿಂಡರ್ ಕೊಡ್ತಾರೆ."

"ಆಯ್ತು, ಕಳಿಸ್ತೀನಿ."

ಅಜ್ಜಿ ಬಾಗಿಲ ಕಡೆ ನೋಡಿದರು. ನಾವು ಹೊರಡಬೇಕೆಂದು ಕಾಯುತ್ತಿದ್ದರು. ನಾನು ಆ ನೋಟವನ್ನು ಬಲ್ಲೆ.

ನಾನು ನೆಲದ ಮೇಲೆ ಕೂತುಬಿಟ್ಟೆ.

"ಅಜ್ಜಿ, ನಮ್ಮವರು ಹೋಗಿ ನಾಲ್ಕು ತಿಂಗಳಾಯ್ತು. ಮನೇಲಿ ನಾನು, ಅತ್ತೆ ಇಬ್ರೇ. ಕೊರಿಯರ್‌ನವನೋ ಪೈಪ್ ರಿಪೇರಿಯವನೋ ಬಂದು ಯಜಮಾನ್ರು ಇಲ್ವಾ ಅಂದ್ರೆ, ಸ್ನಾನಕ್ಕೆ ಹೋಗಿದಾರೆ ಅಂತೀನಿ."

ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ರೇಡಿಯೋ ಗೋಡೆಯ ಕಡೆ ತಿರುಗಿಕೊಂಡಳು.

ಅಜ್ಜಿ ಬಾಗಿಲಿನಿಂದ ನೋಟ ತೆಗೆದು ನನ್ನ ಕಡೆ ತಿರುಗಿದರು.

"ಸ್ನಾನ ಸಾಲದು," ಎಂದರು. "ಎಷ್ಟು ಹೊತ್ತು ಅಂತ ಮಾಡ್ತಾರೆ ಸ್ನಾನಾನ? ಕಾಯ್ತೀನಿ ಅಂತ ಕೂತುಬಿಟ್ರೆ? ಔಷಧಿ ಅಂಗಡಿ ಅನ್ನು. ಅಲ್ಲಿ ಯಾವಾಗ್ಲೂ ಜನ ಇರ್ತಾರೆ."

"ಎಷ್ಟು ವರ್ಷ ಆಯ್ತು?"

"ಔಷಧಿ ತರೋಕೆ ಹೋಗಿಯಾ? ಮೂರು." ಅವರು ಸ್ವಲ್ಪ ನಕ್ಕರು, ಅದಕ್ಕೇ ಉಸಿರು ಸಾಲದೆ ನಿಲ್ಲಿಸಿದರು.

ಆಗ ಮೆಷೀನಿನ ಗುಡುಗುಡು ನಿಂತಿತು. ಫ್ಯಾನ್ ನಿಧಾನವಾಯಿತು. ಮೆಷೀನು ಒಂದೇ ಸಮನೆ ಕೀ ಎಂದು ಕೂಗತೊಡಗಿತು.

ಮೆಷೀನಿನ ಜೊತೆ ಎಲ್ಲ ಮನೆಗೂ ಕೊಡುವ ತುರ್ತು ಸಿಲಿಂಡರ್ ಮೂಲೆಯಲ್ಲಿತ್ತು. ರೇಡಿಯೋ ಪೈಪನ್ನು ಅದಕ್ಕೆ ಸಿಕ್ಕಿಸಿ ತಿರುಪು ತಿರುಗಿಸಿದಳು. ಎಷ್ಟು ಉಳಿದಿದೆ ಎಂದು ತೋರಿಸುವ ಗೇಜಿನ ಗಾಜನ್ನು ಬೆರಳಿನಿಂದ ತಟ್ಟಿದಳು. ತಳಕ್ಕೆ ಹತ್ತಿರವಿದ್ದ ಮುಳ್ಳು ಅಲ್ಲಾಡಲಿಲ್ಲ.

"ಒಂದು ಗಂಟೆ," ಎಂದಳು ನನಗೆ ಮಾತ್ರ ಕೇಳುವಂತೆ. "ಹೆಚ್ಚಂದ್ರೆ."

ಸಾಹೇಬರಿಗೆ ಫೋನ್ ಮಾಡಿದೆ. ಎರಡು ಬೀದಿ ಆಚೆ ಒಂದು ವ್ಯಾನ್ ಇದೆ, ಅದರಲ್ಲಿ ಹೆಚ್ಚುವರಿ ಸಿಲಿಂಡರ್ ಎರಡು ಉಳಿದಿವೆ ಎಂದು ಹೇಳಿ ಡ್ರೈವರ್ ನಂಬರು ಕೊಟ್ಟರು.

"ಬರ್ತೀನಿ ಮೇಡಂ, ಹಾಳೆ ಕಳ್ಸಿ," ಎಂದ ಡ್ರೈವರ್.

"ಹಾಳೆ ಆಮೇಲೆ ಕೊಡ್ತೀನಿ, ಮೊದಲು ಬನ್ನಿ."

"ಕೆಂಪು ಹಾಳೆ ಇಲ್ದೆ ಸಿಲಿಂಡರ್ ಇಳಿಸೋ ಹಾಗಿಲ್ಲ. ಹೋದ ತಿಂಗಳು ಯಾರೋ ಅತ್ತರು ಅಂತ ಇಳಿಸಿ ನೋಟಿಸ್ ತಿಂದಿದೀನಿ. ಕಳ್ಸಿ, ನಾನು ಗಾಡಿ ಸ್ಟಾರ್ಟ್ ಮಾಡಿರ್ತೀನಿ."

ರೇಡಿಯೋ ತನ್ನ ಟ್ಯಾಬ್‌ನಲ್ಲಿ ಅಜ್ಜಿಯ ಫಾರ್ಮ್ ತೆರೆದಳು. ಜೊತೆಗಿರುವವರು: ಒಬ್ಬರು. ಗಂಡನ ಹೆಸರಿನ ಪಕ್ಕದಲ್ಲಿ ಕಸದ ಬುಟ್ಟಿಯ ಚಿತ್ರ. ಒತ್ತಿದಳು. ಟ್ಯಾಬ್ ಕೇಳಿತು: "ಈ ಸದಸ್ಯರನ್ನು ತೆಗೆದುಹಾಕಬೇಕೆ?"

ಅವಳ ಬೆರಳು ಅಲ್ಲೇ ನಿಂತಿತು. ಅಜ್ಜಿ ಬಗ್ಗಿ ನೋಡುತ್ತಿದ್ದರು.

"ಅವರ ಹೆಸರು ತೆಗೀತೀರಾ?"

"ಈ ಹಾಳೆಯಿಂದ ಮಾತ್ರ," ಎಂದೆ. ಬೇರೆ ಏನು ಹೇಳಬೇಕೆಂದು ತಿಳಿಯಲಿಲ್ಲ.

"ನೀವಾಗಿ ಬರ್ಕೊಂಡಿದ್ದಲ್ಲ. ಹೇಳಿದ್ದು ನಾನು." ಅವರು ಕೈ ಚಾಚಿದರು. "ಕೊಡು, ನಾನೇ ಒತ್ತುತೀನಿ."

ಬೆರಳು ಒಣಗಿ ಹೋಗಿತ್ತು. ಟ್ಯಾಬ್ ಹಿಡಿಯಲಿಲ್ಲ. ಇನ್ನೊಮ್ಮೆ ಒತ್ತಿದರು, ಆಗಲೂ ಇಲ್ಲ. ನಾನು ಸಹಾಯಕ್ಕೆ ಕೈ ಚಾಚಿದೆ, ಅವರು ತಲೆಯಾಡಿಸಿ ಬೇಡ ಎಂದರು. ಬೆರಳನ್ನು ಸ್ವೆಟರಿಗೆ ಉಜ್ಜಿ ಮೂರನೆಯ ಸಲ ಒತ್ತಿದರು. ಹೆಸರು ಹೋಯಿತು. ಜೊತೆಗಿರುವವರು: ಸೊನ್ನೆ.

ನಾನು ವರದಿಯ ಗುಂಡಿ ಒತ್ತಿದೆ. ಚಕ್ರ ತಿರುಗಿತು.

"ಸಾಲು ೧೪: ಕೇಳಿದ ಮಾಹಿತಿ ಸಿಗಲಿಲ್ಲ. ವರದಿ ತಯಾರಾಗಿಲ್ಲ."

ಅದನ್ನು ಸರಿಮಾಡಿದ್ದೆ. ನನ್ನ ಕಣ್ಣಾರೆ ಕೆಂಪು ಹಾಳೆ ನೋಡಿದ್ದೆ.

"ಸರಿಯಾಗಿದೆ ಅಂದ್ರಲ್ಲ ಮೇಡಂ!"

"ತಡೀರಿ ಅಕ್ಕ."

ಆಫೀಸಿನಲ್ಲಿ ಸರಿಯಾಗಿತ್ತು. ಟ್ಯಾಬ್ ತನ್ನೊಳಗೆ ಹಳೆಯ ಟೆಂಪ್ಲೇಟಿನ ಪ್ರತಿ ಇಟ್ಟುಕೊಂಡಿತ್ತು. ಹೊಸದನ್ನು ಇಳಿಸಿಕೊಳ್ಳದ ಹೊರತು ಹಳೆಯ ಸಾಲನ್ನೇ ಓದುತ್ತದೆ. ಆಫೀಸಿಗೆ ಫೋನ್ ಮಾಡಿ ಅಲ್ಲಿಂದ ತೆಗೆಸೋಣವೆಂದರೆ ಅಲ್ಲಿರುವುದು ಗಂಡನ ಹೆಸರಿರುವ ಫಾರ್ಮ್, ಅದನ್ನು ಅಲ್ಲಿ ತಿದ್ದಬಲ್ಲವಳು ನಾನೊಬ್ಬಳೇ, ಮೊದಲು ಇಲ್ಲಿಯದು ಅಲ್ಲಿಗೆ ತಲುಪಬೇಕು. ಎರಡಕ್ಕೂ ಸಿಗ್ನಲ್ ಬೇಕು. ಟ್ಯಾಬ್‌ನ ಮೇಲ್ತುದಿಯಲ್ಲಿ ಒಂದು ಗೆರೆ ಕಾಣಿಸಿತು, ಮಾಯವಾಯಿತು. ಕರೆಂಟ್ ಇಲ್ಲದೆ ಹತ್ತಿರದ ಟವರೂ ಈಗ ಕೈಕೊಟ್ಟಿರಬೇಕು.

ಕಿಟಕಿಗೆ ಹೋದೆ. ಇಲ್ಲ. ಅಡುಗೆಮನೆಗೆ ಹೋದೆ. ಒಂದು ಗೆರೆ. "ಇಳಿಸಿಕೊಳ್ಳಿ" ಒತ್ತಿದೆ. ಶೇಕಡಾ ನಾಲ್ಕು. ಒಂಬತ್ತು. ನಿಂತಿತು.

"ಹೊರಗೆ ಬಟ್ಟೆ ಒಣಗಿಸೋ ಜಾಗ ಇದೆ," ಎಂದರು ಅಜ್ಜಿ ಒಳಗಿನಿಂದ. "ಅವರು ಅಲ್ಲಿ ನಿಂತೇ ಮಾತಾಡ್ತಿದ್ದಿದ್ದು."

ಅಲ್ಲಿ ಮೊಣಕೈಯಷ್ಟು ಅಗಲದ ಜಾಗ, ಕಂಬಿಗೆ ಒಂದು ಟವೆಲ್. ಟ್ಯಾಬನ್ನು ಕಂಬಿಯಾಚೆ ಚಾಚಿ ಹಿಡಿದೆ. ಮೂರು ಮಹಡಿ ಕೆಳಗೆ ರಸ್ತೆ ಕಾಣುತ್ತಿತ್ತು. ಹದಿನೇಳು. ಮೂವತ್ತೊಂದು. ಎರಡು ಕೈಯಲ್ಲೂ ಹಿಡಿದೆ. ಒಳಗೆ ಮೆಷೀನಿನ ಕೂಗು ನಿಂತಿತ್ತು, ರೇಡಿಯೋ ಯಾವುದೋ ಗುಂಡಿ ಹುಡುಕಿರಬೇಕು. ಅವಳು ಗೇಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಅಜ್ಜಿಗೆ ಏನೋ ಹೇಳುತ್ತಿದ್ದಳು, ಮೊದಲಿನ ಹಾಗೆ ನಿಲ್ಲಿಸದೆ. ಅರವತ್ತೆರಡು. ಅಜ್ಜಿ ಉತ್ತರಿಸುತ್ತಿರಲಿಲ್ಲ, ಉಸಿರು ಉಳಿಸುತ್ತಿದ್ದರು. ಎಂಬತ್ತೆಂಟು. ನೂರು.

ವರದಿಯ ಗುಂಡಿ ಒತ್ತಿದೆ.

ಚಕ್ರ ಇನ್ನೂ ತಿರುಗುತ್ತಿದ್ದಾಗ ಒಂದು ಯೋಚನೆ ಬಂತು. ಆ ದಿನದವರೆಗೆ ನಾಲ್ಕು ತಿಂಗಳು ನಾನು ಯಾವುದಕ್ಕೂ ಹೆದರಿರಲಿಲ್ಲ. ಆಗುವುದು ಆಗಿಹೋಗಿದೆ ಎಂದುಕೊಂಡಿದ್ದೆ.

ಕೆಂಪು ಪಟ್ಟಿ ಬಂತು. ಅದರ ಕೆಳಗೆ ಅಜ್ಜಿಯ ಹೆಸರು, ವಿಳಾಸ. ಒಂಟಿಯಾಗಿ ವಾಸ: ಹೌದು. ಅಲ್ಲೇ ನಿಂತು ಡ್ರೈವರ್‌ಗೆ ಕಳಿಸಿದೆ. ಒಂದು ಟಿಕ್. ಎರಡು ಟಿಕ್.

ವ್ಯಾನ್ ಬಂದದ್ದು ಒಂದು ನಲವತ್ತೆರಡಕ್ಕೆ. ಕರೆಂಟಿಲ್ಲದೆ ಲಿಫ್ಟ್ ನಿಂತಿತ್ತು. ಡ್ರೈವರ್ ಮತ್ತು ಅವನ ಜೊತೆಯವನು ಎರಡು ಸಿಲಿಂಡರ್‌ಗಳನ್ನು ಮೆಟ್ಟಿಲ ಮೇಲೆ ಹೊತ್ತು ತಂದರು. "ಹಾಳೆ ಬಂತು ಮೇಡಂ," ಎಂದ ಡ್ರೈವರ್ ಏದುಸಿರು ಬಿಡುತ್ತಾ, ನಾನು ಕೇಳದಿದ್ದರೂ. ಹಳೆಯ ಸಿಲಿಂಡರಿನ ಮುಳ್ಳು ಆಗ ಕೆಳಗಿನ ಗೆರೆಯ ಮೇಲೇ ಇತ್ತು. ಹೊಸದಕ್ಕೆ ಪೈಪು ಬದಲಿಸಿದಾಗ ಆಕ್ಸಿಜನ್ ಹರಿವನ್ನು ತೋರಿಸುವ ಗಾಜಿನ ಕೊಳವೆಯೊಳಗಿನ ಸಣ್ಣ ಗುಂಡು ಮೇಲೆದ್ದು ತೇಲಿತು. ನಿಧಾನವಾಗಿ ಅಜ್ಜಿಯ ತುಟಿಗೆ ಬಣ್ಣ ಮರಳಿತು.

ಆಮೇಲೆ ಅಜ್ಜಿ ಕೇಳಿದರು, "ನನ್ನ ಹಾಗೆ ಇನ್ನೆಷ್ಟು ಜನ?"

"ನಲವತ್ತೆರಡು. ಎಲ್ರೂ ಸಿಕ್ಕಿದಾರೆ ಅಜ್ಜಿ," ಎಂದಳು ರೇಡಿಯೋ.

"ಹೇಗೆ ಗೊತ್ತು?"

ನಾನು ಹೇಳಿದೆ. ಎರಡೂ ಕಡೆ ಒಂದೇ ನಂಬರಿದ್ದವರು, ಐವತ್ತೇಳು ಮನೆ.

"ನಂಬರು ಬೇರೆ ಇದ್ದವರು?"

"ಅಲ್ಲಿ ಜನ ಇದಾರೆ ಅಂತ..." ಎಂದು ಶುರುಮಾಡಿ ನಿಲ್ಲಿಸಿದೆ.

"ಮೊದಲು ನಂದೊಂದು ಇತ್ತು, ಅವರದೊಂದು ಇತ್ತು," ಎಂದರು ಅಜ್ಜಿ. "ಅವರದನ್ನ ಎರಡು ವರ್ಷ ಚಾರ್ಜಿಗೆ ಹಾಕ್ತಾನೇ ಇದ್ದೆ. ನಂದು ಕಳೆದುಹೋದ ಮೇಲೆ ಅದನ್ನೇ ಬಳಸ್ದೆ. ಇವಳು ಮೊದಲೇ ಬಂದಿದ್ರೆ ಎರಡು ನಂಬರೂ ಕೊಡ್ತಿದ್ದೆ."

ನಾನೂರ ಹದಿನೆಂಟರಲ್ಲಿ ಐವತ್ತೇಳು ಕಳೆದರೆ ಮುನ್ನೂರ ಅರವತ್ತೊಂದು. ಕರೆಂಟ್ ಹೋಗಿ ಆಗಲೇ ಐವತ್ತು ನಿಮಿಷ. ಬಟ್ಟೆ ಒಣಗಿಸುವ ಜಾಗದ ಬಾಗಿಲಲ್ಲಿ ನಿಂತು, ಸ್ಪೀಕರ್ ಹಾಕಿ ಸಾಹೇಬರಿಗೆ ಫೋನಿನಲ್ಲಿ ಹೇಳಿದೆ. ಆ ಕಡೆ ಕುರ್ಚಿ ಎಳೆದ ಸದ್ದು. "ಆಫೀಸಲ್ಲಿ ಇರೋ ಎಲ್ರನ್ನೂ ಕೂರಿಸ್ತೀನಿ. ನಾನೂ ಕೂರ್ತೀನಿ. ಮನೇಲಿ ಯಾರಿದಾರೆ ಅಂತ ತಾನೇ ಕೇಳ್ಬೇಕು?"

ಅಜ್ಜಿ ಬೆರಳೆತ್ತಿ ಬೇಡ ಎಂದರು.

"ಹಾಗೆ ಕೇಳಿದ್ರೆ ನಾನೂ ಔಷಧಿ ಅಂಗಡೀನೇ ಹೇಳ್ತೀನಿ."

"ಮತ್ತೆ ಹೇಗೆ ಕೇಳೋದು ಅಜ್ಜಿ?"

ಅವರು ಸಿಲಿಂಡರನ್ನು ನೋಡಿದರು. "ಇದನ್ನ ಹೊತ್ತು ತರೋರು ಯಾರು ಅಂತ ಕೇಳು. ತಿರುಪು ತಿರುಗಿಸೋರು ಯಾರು ಅಂತ ಕೇಳು."

ಸಾಹೇಬರಿಗೆ ಅದನ್ನೇ ಹೇಳಿದೆ. ಅವರು ಬರೆದುಕೊಂಡರು. ರೇಡಿಯೋ ಪಟ್ಟಿಯ ಮೊದಲ ನೂರು ತನಗಿರಲಿ ಎಂದು ಅಡುಗೆಮನೆಯ ಬಾಗಿಲಲ್ಲಿ ಕೂತಳು. ನಾನು ಬಟ್ಟೆ ಒಣಗಿಸುವ ಜಾಗದಲ್ಲಿ ನಿಂತು ನೂರಾ ಒಂದನೆಯ ಮನೆಗೆ ಫೋನ್ ಹಚ್ಚಿದೆ. ಹೆಂಗಸು, ಅರವತ್ತಾರು. ಜೊತೆಗಿರುವವರು: ಗಂಡ. ನಂಬರು ಬೇರೆ ಬೇರೆ.

ನಾಲ್ಕನೆಯ ರಿಂಗಿಗೆ ತೆಗೆದರು. ಹೇಳಬೇಕಾದದ್ದು ಹೇಳಿದೆ.

"ಕರೆಂಟ್ ಹೋಗಿರೋದು ಗೊತ್ತು," ಎಂದಿತು ದನಿ. "ಏನೂ ತೊಂದ್ರೆ ಇಲ್ಲ. ಯಜಮಾನ್ರು ಇದಾರೆ, ಈಗಷ್ಟೇ ಹೊರಗೆ ಹೋದ್ರು."

"ಸಿಲಿಂಡರ್ ತಿರುಪು ಯಾರು ತಿರುಗಿಸಿದ್ರು?"

ಆ ಕಡೆ ಉಸಿರು ಬಿಗಿಹಿಡಿದು ಏನನ್ನೋ ತಿರುಗಿಸುವ ಸದ್ದು ಕೇಳಿತು.

"ಅದು ತುಂಬ ಬಿಗಿಯಿದೆ," ಎಂದರು ಕೊನೆಗೆ. "ನನ್ನ ಕೈಯಲ್ಲಿ ಬರ್ತಿಲ್ಲ."

"ಫೋನ್ ಇಡಬೇಡಿ," ಎಂದೆ. ಡ್ರೈವರ್ ಇನ್ನೂ ಕೆಳಗೆ ವ್ಯಾನಿನ ಹತ್ತಿರವಿದ್ದ. ಕಂಬಿಯಿಂದ ಬಗ್ಗಿ ಅವನನ್ನು ಕೂಗಿದೆ.